ರಾಯಭಾರಿ ಊರು ಬಿಟ್ಟ ಮೇಲೆ ಹುಣಸೂರಿನವರ ಗತಿ ಏನು?

2023ರ ಏಪ್ರಿಲ್ 15ರಂದು ಸುಡಾನ್ ರಾಜಧಾನಿ ಖಾರ್ಟೂಮ್‌ನಲ್ಲಿ ಗುಂಡಿನ ಕಾಳಗ ಶುರುವಾಯಿತು. ಒಂದು ಕಡೆ ಜನರಲ್ ಬುರ್ಹಾನ್ ಅವರ ಸೇನೆ. ಇನ್ನೊಂದು ಕಡೆ ಹೆಮೆಡ್ತಿ ಎಂದು ಕರೆಯುವ ಮೊಹಮದ್ ಹಮ್ದಾನ್ ದಗಾಲೊ ಅವರ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆ. ಮೊದಲ ದಿನವೇ ವಿಮಾನ ನಿಲ್ದಾಣ ಕದನದ ಕಣವಾಯಿತು. ಓಡುದಾರಿಯ ಪಕ್ಕ ನಿಂತಿದ್ದ ವಿಮಾನಗಳು ಹೊತ್ತಿ ಉರಿದವು. ಊರು ಬಿಟ್ಟು ಹೋಗಬೇಕು ಅಂದವರಿಗೆ ಉಳಿದದ್ದು ರಸ್ತೆ ಮಾತ್ರ. ಆ ರಸ್ತೆಯಲ್ಲಿ ಹೆಜ್ಜೆ ಹೆಜ್ಜೆಗೂ ಬಂದೂಕು ಹಿಡಿದವರು ನಿಂತಿದ್ದರು.

ಇದು ಮೈಸೂರಿಗೆ ದೂರದೇಶದ ಸುದ್ದಿಯಾಗಿ ಉಳಿಯಲಿಲ್ಲ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ಹಕ್ಕಿಪಿಕ್ಕಿ ಕಾಲೊನಿಗಳ ಜನ ತಲೆಗೂದಲಿನ ಎಣ್ಣೆ, ಗಿಡಮೂಲಿಕೆ ಔಷಧಿ ಮಾರಲು ಆಫ್ರಿಕಾಕ್ಕೆ ಹೋಗಿಬರುವುದು ಹೊಸದೇನಲ್ಲ. ಆಗಲೂ ಕೆಲವರು ಅಲ್ಲಿದ್ದರು. ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಲವರು ಸುಡಾನ್‌ನ ಪಶ್ಚಿಮದ ಎಲ್ ಫಾಶರ್ ನಗರದಲ್ಲಿ ಸಿಕ್ಕಿಕೊಂಡಿದ್ದರು. ಏಪ್ರಿಲ್ 18ರಂದು ಸಿದ್ದರಾಮಯ್ಯನವರು ಟ್ವೀಟ್ ಮಾಡಿ, 31 ಮಂದಿ ಹಕ್ಕಿಪಿಕ್ಕಿ ಜನ ಊಟ ನೀರಿಲ್ಲದೆ ಒದ್ದಾಡುತ್ತಿದ್ದಾರೆ, ಕೇಂದ್ರ ಸರ್ಕಾರ ಕೂಡಲೇ ಕರೆತರಬೇಕು ಎಂದರು. ವಿಧಾನಸಭೆ ಚುನಾವಣೆಗೆ ಇನ್ನು ಮೂರೇ ವಾರ. ವಿದೇಶಾಂಗ ಸಚಿವ ಎಸ್. ಜೈಶಂಕರ್ ಖಾರವಾಗಿಯೇ ಉತ್ತರಿಸಿದರು. ಜೀವದ ವಿಷಯದಲ್ಲಿ ರಾಜಕೀಯ ಬೇಡ, ಅಲ್ಲಿರುವವರ ವಿವರ, ಜಾಗ ಎರಡನ್ನೂ ಭದ್ರತೆಯ ಕಾರಣಕ್ಕೆ ಬಹಿರಂಗ ಮಾಡಲಾಗದು ಎಂದರು.

ಆ ಜಗಳದಲ್ಲಿ ಯಾರು ಸರಿ ಎಂದು ಆಗ ಬೇಕಾದಷ್ಟು ಚರ್ಚೆ ಆಯಿತು. ನನಗೆ ಅನ್ನಿಸುವುದು, ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಸುತ್ತ ಬಂದೂಕು ಇರುವಾಗ ಯಾರು ಯಾವ ಮನೆಯಲ್ಲಿ ಅಡಗಿದ್ದಾರೆ ಎಂದು ಸಾರಿ ಹೇಳುವುದು ಅಪಾಯ. ಹಾಗೆಯೇ, ಮನೆಯವರು ಆತಂಕದಿಂದ ಕೇಳುವುದು, ಅವರ ಪರವಾಗಿ ಊರಿನ ನಾಯಕರು ಕೇಳುವುದು ರಾಜಕೀಯ ಅಲ್ಲ. ಆದರೆ ಆ ಗದ್ದಲದಲ್ಲಿ ಒಂದು ಪ್ರಶ್ನೆ ಹಿಂದೆ ಸರಿಯಿತು. ಅದೇ ವಾರ ದೊಡ್ಡ ದೊಡ್ಡ ದೇಶಗಳ ರಾಯಭಾರಿಗಳೇ ಖಾರ್ಟೂಮ್‌ನಿಂದ ಹೊರಬೀಳಲು ದಾರಿ ಹುಡುಕುತ್ತಿದ್ದರು. ಕಾಯ್ದೆಯ ರಕ್ಷೆ ಇರುವವರಿಗೇ ಈ ಗತಿಯಾದರೆ, ಎಣ್ಣೆ ಬಾಟಲಿಯ ಚೀಲ ಹಿಡಿದು ಹೋದವರನ್ನು ಯಾರು ಕಾಯಬೇಕು?

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. 1961ರಲ್ಲಿ ರಾಜತಾಂತ್ರಿಕ ಸಂಬಂಧಗಳ ಬಗ್ಗೆ ವಿಯೆನ್ನಾ ಒಪ್ಪಂದ ಆಯಿತು. ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳೂ ಅದನ್ನು ಒಪ್ಪಿವೆ. ಭಾರತ 1972ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ಮಾಡಿಕೊಂಡಿದೆ. ಒಪ್ಪಂದದ 22ನೇ ವಿಧಿಯ ಪ್ರಕಾರ ರಾಯಭಾರ ಕಚೇರಿಯೊಳಗೆ ಅನುಮತಿ ಇಲ್ಲದೆ ಯಾರೂ ಕಾಲಿಡುವಂತಿಲ್ಲ. 29ನೇ ವಿಧಿಯ ಪ್ರಕಾರ ರಾಜತಾಂತ್ರಿಕರನ್ನು ಬಂಧಿಸುವಂತಿಲ್ಲ. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು 44ನೇ ವಿಧಿ. ಯುದ್ಧ ನಡೆಯುತ್ತಿದ್ದರೂ ಸರಿ, ರಾಜತಾಂತ್ರಿಕರು ಮತ್ತು ಅವರ ಕುಟುಂಬದವರು ಆದಷ್ಟು ಬೇಗ ದೇಶ ಬಿಟ್ಟು ಹೋಗಲು ಆತಿಥೇಯ ಸರ್ಕಾರ ಅನುಕೂಲ ಮಾಡಿಕೊಡಬೇಕು. ಅಗತ್ಯ ಬಿದ್ದರೆ ಗಾಡಿಯನ್ನೂ ಅದೇ ಒದಗಿಸಬೇಕು.

ಓದಲು ಚೆನ್ನಾಗಿದೆ. ಆದರೆ ಈ ವಿಧಿ ಕಟ್ಟಿಹಾಕುವುದು ಸರ್ಕಾರವನ್ನು. ಮುತ್ತಿಗೆ ಹಾಕಿರುವವರು ಎಷ್ಟೋ ಸಲ ಸರ್ಕಾರವೇ ಆಗಿರುವುದಿಲ್ಲ. ಖಾರ್ಟೂಮ್‌ನಲ್ಲಿ ವಿದೇಶಾಂಗ ಇಲಾಖೆಯಿಂದ ಅನುಮತಿ ಪತ್ರ ತಂದರೂ ರಸ್ತೆ ಇದ್ದದ್ದು ಆರ್‌ಎಸ್‌ಎಫ್ ಕೈಯಲ್ಲಿ. ಆ ಪಡೆ ವಿಯೆನ್ನಾ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಾಗರಿಕರನ್ನು ಕೊಲ್ಲಬಾರದು ಎಂಬ ಯುದ್ಧದ ನಿಯಮ ಅವರಿಗೂ ಅನ್ವಯಿಸುತ್ತದೆ, ನಿಜ. ಆದರೆ ಚೆಕ್‌ಪೋಸ್ಟಿನಲ್ಲಿ ನಿಂತ ಹದಿನೆಂಟರ ಹುಡುಗನಿಗೆ ಅದನ್ನು ಹೇಳಿಕೊಟ್ಟವರು ಯಾರು?

ಆ ವಾರ ಏನೇನು ಆಯಿತು ನೋಡಿ. ಐರೋಪ್ಯ ಒಕ್ಕೂಟದ ರಾಯಭಾರಿಯ ಮೇಲೆ ಅವರ ಮನೆಯೊಳಗೇ ಹಲ್ಲೆ ನಡೆಯಿತು. ಅಮೆರಿಕದ ರಾಜತಾಂತ್ರಿಕ ವಾಹನಗಳ ಮೇಲೆ ಗುಂಡು ಹಾರಿತು. ಫ್ರಾನ್ಸ್‌ನ ವಾಹನಗಳು ಊರು ಬಿಡುವಾಗ ಒಬ್ಬರಿಗೆ ಗುಂಡೇಟು ಬಿತ್ತು. ಈಜಿಪ್ಟ್ ರಾಯಭಾರ ಕಚೇರಿಯ ಒಬ್ಬ ಅಧಿಕಾರಿ ಸತ್ತೇಹೋದರು. 24 ಗಂಟೆಯ ಕದನ ವಿರಾಮ, 72 ಗಂಟೆಯ ಕದನ ವಿರಾಮ ಎಂದು ಘೋಷಣೆ ಮೇಲೆ ಘೋಷಣೆ ಬಂತು. ಗುಂಡಿನ ಸದ್ದು ಮಾತ್ರ ನಿಲ್ಲಲಿಲ್ಲ.

ಏಪ್ರಿಲ್ 22ರ ರಾತ್ರಿ ಅಮೆರಿಕ ಜಿಬೂಟಿಯಿಂದ ಹೊರಟ ಚಿನೂಕ್ ಹೆಲಿಕಾಪ್ಟರ್‌ಗಳಲ್ಲಿ ತನ್ನ ರಾಯಭಾರ ಕಚೇರಿಯವರನ್ನು ಎತ್ತಿಕೊಂಡು ಹೋಯಿತು. ನೂರು ಮಂದಿಯೂ ಇರಲಿಲ್ಲ. ನಾವೂ ಸಹಕಾರ ಕೊಟ್ಟೆವು ಎಂದು ಆರ್‌ಎಸ್‌ಎಫ್ ಹೇಳಿಕೊಂಡಿತು. ಅವರು ಕೊಟ್ಟ ಸಹಕಾರ ಎಂದರೆ ನಮ್ಮ ಸೈನಿಕರ ಮೇಲೆ ಗುಂಡು ಹಾರಿಸದೆ ಇದ್ದದ್ದು, ಅಷ್ಟೇ ಎಂದು ಅಮೆರಿಕದ ಅಧಿಕಾರಿ ಉತ್ತರಿಸಿದರು. ಹೆಲಿಕಾಪ್ಟರ್ ಇಲ್ಲದವರ ಕಥೆ ಬೇರೆ. ವಿಶ್ವಸಂಸ್ಥೆಯವರು ಮತ್ತು ಕೆಲವು ದೇಶಗಳ ರಾಜತಾಂತ್ರಿಕರು ಸೇರಿ ಸುಮಾರು 700 ಜನ ಬಸ್ಸು, ಕಾರುಗಳಲ್ಲಿ 800 ಕಿ.ಮೀ.ಗೂ ಹೆಚ್ಚು ದೂರದ ಪೋರ್ಟ್ ಸುಡಾನ್‌ಗೆ ಹೊರಟರು. ತಲುಪಲು 35 ಗಂಟೆ ಹಿಡಿಯಿತು.

ಇಂಥ ಪಯಣದ ಹಿಂದೆ ಎಷ್ಟು ಕೆಲಸ ಇರುತ್ತದೆ ಎಂದು ಹೊರಗಿನವರಿಗೆ ಸುಮ್ನೆ ಗೊತ್ತಾಗುವುದಿಲ್ಲ. ಯಾವ ಗಾಡಿ, ಅದರ ನಂಬರ್ ಏನು, ಒಳಗೆ ಯಾರಿದ್ದಾರೆ, ಎಷ್ಟು ಹೊತ್ತಿಗೆ ಹೊರಟು ಯಾವ ದಾರಿ ಹಿಡಿಯುತ್ತಾರೆ ಎಂಬುದನ್ನು ಎರಡೂ ಕಡೆಯವರಿಗೆ ಮೊದಲೇ ತಿಳಿಸಬೇಕು. ಮೇಲಿನ ಕಮಾಂಡರ್ ಹೂಂ ಅಂದರೆ ಸಾಲದು. ಆ ಮಾತು ಪ್ರತಿ ಚೆಕ್‌ಪೋಸ್ಟಿಗೂ ಮುಟ್ಟಬೇಕು. ಊರಿನಲ್ಲಿ ಕರೆಂಟಿಲ್ಲ, ಫೋನ್ ಸಿಗುವುದಿಲ್ಲ. ಡೀಸೆಲ್ ಬೆಲೆ ಗಗನಕ್ಕೇರಿದೆ. ಬಸ್ಸಿನ ಮಾಲೀಕ ಕೇಳಿದ್ದೇ ಬಾಡಿಗೆ. ಹೊರಡುವ ಮೊದಲು ಕಚೇರಿಯ ಗುಟ್ಟಿನ ಕಾಗದಗಳನ್ನು ಸುಡಬೇಕು, ಸಂಪರ್ಕದ ಯಂತ್ರಗಳನ್ನು ಒಡೆದುಹಾಕಬೇಕು. ಇಷ್ಟೆಲ್ಲ ಆದ ಮೇಲೂ ದಾರಿಯಲ್ಲಿ ಒಬ್ಬ ಬಂದೂಕಿನವ ಅಡ್ಡ ನಿಂತರೆ ಅಲ್ಲಿಗೆ ಮುಗಿಯಿತು.

ಹಳೆಯ ಕಾಲದಲ್ಲೂ ಹೀಗೇ ಇತ್ತು. 1900ರಲ್ಲಿ ಚೀನಾದಲ್ಲಿ ವಿದೇಶಿಯರ ವಿರುದ್ಧ ದಂಗೆ ಎದ್ದಾಗ ಬೀಜಿಂಗ್‌ನ ಅರಮನೆ ಅಲ್ಲಿದ್ದ ವಿದೇಶಿ ರಾಯಭಾರಿಗಳಿಗೆ 24 ಗಂಟೆಯೊಳಗೆ ಊರು ಬಿಡಿ, ತಿಯಾನ್‌ಜಿನ್‌ವರೆಗೆ ರಕ್ಷಣೆ ಕೊಡುತ್ತೇವೆ ಎಂದಿತು. ನಂಬಬೇಕೋ ಬೇಡವೋ ಎಂದು ಅವರಿಗೆ ಗೊತ್ತಾಗಲಿಲ್ಲ. ಮಾತಾಡಿ ಬರುತ್ತೇನೆ ಎಂದು ಜೂನ್ 20ರಂದು ಹೊರಟ ಜರ್ಮನಿಯ ರಾಯಭಾರಿ ಕ್ಲೆಮೆನ್ಸ್ ಫಾನ್ ಕೆಟ್ಟೆಲರ್ ಅವರನ್ನು ನಡುಬೀದಿಯಲ್ಲಿ ಸೈನಿಕನೊಬ್ಬ ಗುಂಡಿಕ್ಕಿ ಕೊಂದ. ಉಳಿದವರು ಹೊರಡಲೇ ಇಲ್ಲ. 55 ದಿನ ಕಚೇರಿಗಳ ಗೋಡೆಯೊಳಗೇ ಹೋರಾಡಿದರು. ಆಗಸ್ಟ್ 14ರಂದು ಬಂದ ನೆರವಿನ ಸೈನ್ಯದಲ್ಲಿ ಮೊದಲು ಒಳನುಗ್ಗಿದವರು ಭಾರತದಿಂದ ಹೋದ ರಜಪೂತ ಮತ್ತು ಸಿಖ್ ಸಿಪಾಯಿಗಳು. ಇದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಹಾಗಾದರೆ ಸಂಧಾನಕ್ಕೆ ಬಂದವರನ್ನು ನಿಜವಾಗಿ ಕಾಯುವುದು ಯಾವುದು? ಮಂಡ್ಯ ಜಿಲ್ಲೆಯವರಿಗೆ ಇದಕ್ಕೆ ಉದಾಹರಣೆ ಮನೆ ಹತ್ತಿರವೇ ಇದೆ. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್ ಸೈನ್ಯ ಶ್ರೀರಂಗಪಟ್ಟಣವನ್ನು ಸುತ್ತುವರಿದಿತ್ತು. ಒಂದು ಕಡೆ ಕೋಟೆ ಒಡೆಯಲು ಫಿರಂಗಿಗಳನ್ನು ಹೂಡುವ ಕೆಲಸ. ಅದೇ ಹೊತ್ತಿಗೆ ಟಿಪ್ಪುವಿನ ವಕೀಲರಾದ ಗುಲಾಂ ಅಲಿ ಖಾನ್, ಅಲಿ ರಜಾ ಖಾನ್ ಕೋಟೆಯಿಂದ ಹೊರಬಂದು ಮಾತುಕತೆ ನಡೆಸುತ್ತಿದ್ದರು. ಆಗ ವಕೀಲ ಎಂದರೆ ರಾಯಭಾರಿ. ಫೆಬ್ರುವರಿ 24ರಂದು ಗುಂಡು ನಿಂತಿತು. 26ರಂದು ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಇಂಗ್ಲಿಷರ ಶಿಬಿರಕ್ಕೆ ಕರೆದೊಯ್ದವರೂ ಇದೇ ವಕೀಲರು. ಆಗ ವಿಯೆನ್ನಾ ಒಪ್ಪಂದ ಎಲ್ಲಿತ್ತು? ಅವರಿಗೆ ಏನೂ ಆಗದಿದ್ದದ್ದಕ್ಕೆ ಕಾರಣ ಸರಳ. ಅವರು ಬದುಕಿರುವುದು ಎರಡೂ ಕಡೆಯವರಿಗೆ ಬೇಕಾಗಿತ್ತು.

ಇಂದಿಗೂ ಕೆಲಸ ಮಾಡುವುದು ಇದೇ ಲೆಕ್ಕ. ಬಂದೂಕು ಹಿಡಿದವನಿಗೆ ನಿಮ್ಮಿಂದ ಏನಾದರೂ ಬೇಕಿದ್ದರೆ ದಾರಿ ಸಿಗುತ್ತದೆ. ಅವನಿಗೆ ಬೇಕಿರುವುದು ಬಹುತೇಕ ಒಂದೇ, ಮಾನ್ಯತೆ. ತನ್ನನ್ನೂ ಸರ್ಕಾರದ ಹಾಗೆ ನೋಡಲಿ, ತನ್ನ ಜೊತೆ ಫೋನಿನಲ್ಲಿ ಮಾತಾಡಲಿ ಎಂಬ ಆಸೆ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಮರುದಿನ ರಾತ್ರಿ ಭಾರತದ ರಾಯಭಾರ ಕಚೇರಿಯಿಂದ ಹೊರಟ ಗಾಡಿಗಳಿಗೆ ವಿಮಾನ ನಿಲ್ದಾಣದವರೆಗೆ ಬೆಂಗಾವಲು ಕೊಟ್ಟವರು ಅದೇ ತಾಲಿಬಾನ್‌ನವರು ಎಂದು ಸುದ್ದಿ ಸಂಸ್ಥೆಗಳು ವರದಿ ಮಾಡಿದವು. ಆಗ ಭಾರತ ಅವರ ಆಡಳಿತವನ್ನು ಒಪ್ಪಿರಲಿಲ್ಲ. ಆದರೂ ದಾರಿ ಸಿಕ್ಕಿತು.

ಭಾರತ ಮೊದಲಿನಿಂದಲೂ ಈ ಹಾದಿಯಲ್ಲೇ ನಡೆದಿದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತ್ ಮೇಲೆ ದಾಳಿ ಮಾಡಿತು. ಆಗಸ್ಟ್ 24ರೊಳಗೆ ಎಲ್ಲ ರಾಯಭಾರ ಕಚೇರಿಗಳನ್ನೂ ಮುಚ್ಚಬೇಕೆಂದು ಸದ್ದಾಂ ಹುಸೇನ್ ಗಡುವು ಕೊಟ್ಟ. ಅಮೆರಿಕ, ಬ್ರಿಟನ್ ಒಪ್ಪಲಿಲ್ಲ. ಅವರ ಕಚೇರಿಗಳಿಗೆ ನೀರು, ಕರೆಂಟು ಕಡಿದರು. ಸುತ್ತ ಸೈನಿಕರನ್ನು ನಿಲ್ಲಿಸಿದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 664, 667ನೇ ನಿರ್ಣಯಗಳಲ್ಲಿ ಇದನ್ನು ವಿರೋಧಿಸಿತು. ಆದರೂ ಅಮೆರಿಕದ ರಾಯಭಾರಿ ನಥಾನಿಯಲ್ ಹಾವೆಲ್ ಮತ್ತು ಜೊತೆಗಾರರು ಡಿಸೆಂಬರ್‌ವರೆಗೆ ಒಳಗೇ ಇರಬೇಕಾಯಿತು. ಅವರ ಧೈರ್ಯ ದೊಡ್ಡದು. ಭಾರತ ಬೇರೆ ದಾರಿ ಹಿಡಿಯಿತು. ತನ್ನ ಕಚೇರಿಯನ್ನು ಇರಾಕ್‌ನ ಬಸ್ರಾಗೆ ಸಾಗಿಸಿತು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದ್‌ಗೆ ಹೋಗಿ ಸದ್ದಾಂನನ್ನು ಕಂಡರು. ಇಬ್ಬರೂ ತಬ್ಬಿಕೊಂಡ ಫೋಟೊ ನೋಡಿ ಜಗತ್ತೇ ಮೂಗು ಮುರಿಯಿತು. ಆದರೆ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳಲ್ಲಿ 1.7 ಲಕ್ಷಕ್ಕೂ ಹೆಚ್ಚು ಭಾರತೀಯರು ಮನೆ ಸೇರಿದರು. ಆ ಫೋಟೊ ನನಗೂ ಇಷ್ಟವಿಲ್ಲ. ಆದರೆ ಅಷ್ಟು ಜನರ ಮನೆಯವರ ಜಾಗದಲ್ಲಿ ನಿಂತು ನೋಡಿದರೆ ಗುಜ್ರಾಲ್ ಮಾಡಿದ್ದು ಸರಿ ಅಂತಲೇ ಹೇಳುತ್ತೇನೆ.

ಸುಡಾನ್‌ನಲ್ಲೂ ಹೀಗೇ ಆಯಿತು. ಎರಡೂ ಬಣದ ಮೇಲೆ ಹಿಡಿತ ಇದ್ದ ಸೌದಿ ಅರೇಬಿಯಾ, ಯುಎಇ ಜೊತೆ ಮಾತಾಡಿ ಏಪ್ರಿಲ್ 24ರಂದು ಕಾರ್ಯಾಚರಣೆ ಶುರುವಾಯಿತು. ಅದಕ್ಕೆ ಇಟ್ಟ ಹೆಸರು ನಮ್ಮ ನದಿಯದ್ದೇ, ಆಪರೇಷನ್ ಕಾವೇರಿ. ಬಸ್ಸಿನಲ್ಲಿ ಪೋರ್ಟ್ ಸುಡಾನ್, ಅಲ್ಲಿಂದ ನೌಕಾಪಡೆಯ ಹಡಗಿನಲ್ಲೋ ವಾಯುಪಡೆಯ ವಿಮಾನದಲ್ಲೋ ಜೆಡ್ಡಾ, ಆಮೇಲೆ ಊರು. ಪೋರ್ಟ್ ಸುಡಾನ್ ತಲುಪಲು ಆಗದ 121 ಜನರಿಗಾಗಿ ವಾಯುಪಡೆಯ ಸಿ-130ಜೆ ವಿಮಾನ ಖಾರ್ಟೂಮ್‌ನ ಉತ್ತರದ ವಾದಿ ಸಯ್ಯಿದ್ನಾ ಎಂಬಲ್ಲಿ ರಾತ್ರಿ ಇಳಿಯಿತು. ಆ ಓಡುದಾರಿ ಹಾಳಾಗಿತ್ತು, ಅಲ್ಲಿ ದೀಪವೂ ಇರಲಿಲ್ಲ, ಇಂಧನವೂ ಇರಲಿಲ್ಲ. ಕತ್ತಲಲ್ಲಿ ಕಾಣುವ ಕನ್ನಡಕ ಹಾಕಿಕೊಂಡು ಪೈಲಟ್‌ಗಳು ಇಳಿಸಿದರು. ಒಟ್ಟು 3,862 ಜನ ವಾಪಸಾದರು. ಕರ್ನಾಟಕದ ಹಕ್ಕಿಪಿಕ್ಕಿ ಕುಟುಂಬಗಳೂ ಬಂದವು.

ನಮ್ಮವರು ಬಂದರು, ಸಂತೋಷ. ಆದರೆ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅರ್ಧ ಮಾತ್ರ ಹೇಳಿದಂತೆ. ರಾಯಭಾರ ಕಚೇರಿ ಬೀಗ ಹಾಕಿದಾಗ ಹಿಂದೆ ಉಳಿಯುವವರು ಯಾರು ಎಂದೂ ನೋಡಬೇಕು ಅಲ್ವಾ?

ಮೊದಲು ಅಲ್ಲಿಯ ಸ್ಥಳೀಯ ಸಿಬ್ಬಂದಿ. ಡ್ರೈವರ್, ಅಡುಗೆಯವರು, ಕಾವಲುಗಾರರು, ಅನುವಾದಕರು. ಇಂಥ ಕಚೇರಿಗಳ ನಿತ್ಯದ ಕೆಲಸ ನಡೆಯುವುದೇ ಇವರಿಂದ. 44ನೇ ವಿಧಿಯನ್ನು ಇನ್ನೊಮ್ಮೆ ಗಮನವಿಟ್ಟು ಓದಿ. ಹೊರಹೋಗುವ ಆ ಹಕ್ಕಿನಿಂದ ಆತಿಥೇಯ ದೇಶದ ಪ್ರಜೆಗಳನ್ನು ಅದು ಸ್ಪಷ್ಟವಾಗಿ ಹೊರಗಿಟ್ಟಿದೆ. ಅಂದರೆ ಇಪ್ಪತ್ತು ವರ್ಷ ರಾಯಭಾರಿಯ ಕಾರು ಓಡಿಸಿದವನಿಗೆ ಆ ಕಾರಿನಲ್ಲಿ ಕೂತು ಹೋಗುವ ಹಕ್ಕಿಲ್ಲ.

ಇದು ಎಷ್ಟು ಕ್ರೂರವಾಗಬಲ್ಲದು ಎನ್ನುವುದಕ್ಕೆ 1975ರಲ್ಲಿ ಕಾಂಬೋಡಿಯದ ರಾಜಧಾನಿ ನಾಮ್ ಪೆನ್‌ನಲ್ಲಿ ನಡೆದದ್ದು ಸಾಕ್ಷಿ. ಏಪ್ರಿಲ್ 17ರಂದು ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಬಂಡಾಯ ಪಡೆ ಆ ನಗರವನ್ನು ಹಿಡಿಯಿತು. ವಿದೇಶಿಯರೆಲ್ಲ ಫ್ರೆಂಚ್ ರಾಯಭಾರ ಕಚೇರಿಯೊಳಗೆ ಸೇರಿದರು. ನೂರಾರು ಕಾಂಬೋಡಿಯನ್ನರೂ ಆಶ್ರಯ ಬೇಡಿ ಬಂದಿದ್ದರು. ಅವರನ್ನು ಹೊರಗೆ ಕಳಿಸಿ ಎಂದು ಹೊಸ ಆಡಳಿತ ಪಟ್ಟು ಹಿಡಿಯಿತು. ಕಳಿಸಬೇಕಾಯಿತು. ವಿದೇಶಿಯರನ್ನು ಮದುವೆಯಾದ ಕಾಂಬೋಡಿಯದ ಹೆಂಗಸರಿಗೆ ಉಳಿಯಲು ಬಿಟ್ಟರು. ವಿದೇಶಿ ಹೆಂಗಸರನ್ನು ಮದುವೆಯಾದ ಕಾಂಬೋಡಿಯದ ಗಂಡಸರನ್ನು ಬಿಡಲಿಲ್ಲ. ಗೇಟಿನ ಹತ್ತಿರ ಸಂಸಾರಗಳು ಒಡೆದುಹೋದವು. ಮೇ ತಿಂಗಳ ಮೊದಲ ವಾರದಲ್ಲಿ ವಿದೇಶಿಯರನ್ನು ಲಾರಿಗಳಲ್ಲಿ ಥಾಯ್ಲೆಂಡ್ ಗಡಿಗೆ ಬಿಟ್ಟರು. ಗೇಟಿನಿಂದ ಹೊರಗೆ ಹೋದವರಲ್ಲಿ ಎಷ್ಟೋ ಮಂದಿಯ ಸುಳಿವು ಮತ್ತೆ ಸಿಗಲಿಲ್ಲ.

ಖಾರ್ಟೂಮ್‌ನಲ್ಲಿ ಇನ್ನೊಂದು ಅನ್ಯಾಯ ಆಯಿತು. ಇದು ಸಣ್ಣದಾಗಿ ಕಂಡರೂ ಸಣ್ಣದಲ್ಲ. ಸುಡಾನಿನ ಎಷ್ಟೋ ಜನ ವೀಸಾಕ್ಕಾಗಿ ತಮ್ಮ ಪಾಸ್‌ಪೋರ್ಟ್‌ಗಳನ್ನು ಬೇರೆ ಬೇರೆ ರಾಯಭಾರ ಕಚೇರಿಗಳಿಗೆ ಕೊಟ್ಟಿದ್ದರು. ಕಚೇರಿಯವರು ರಾತ್ರೋರಾತ್ರಿ ಹೊರಟಾಗ ಕೆಲವು ಕಡೆ ಅವು ಬೀರುವಿನೊಳಗೇ ಉಳಿದವು. ಅಮೆರಿಕದವರು ತಪ್ಪು ಕೈಗೆ ಸಿಗಬಾರದು ಎಂದು ನಾಶ ಮಾಡಿಯೇ ಹೊರಟರು. ಗುಟ್ಟಿನ ಕಾಗದ ಸುಡುವುದು ಅರ್ಥವಾಗುತ್ತದೆ. ಆದರೆ ಇನ್ನೊಬ್ಬರ ಪಾಸ್‌ಪೋರ್ಟ್? ಯುದ್ಧದ ನಡುವೆ ಗಡಿ ದಾಟಲು ಇರುವ ಒಂದೇ ಕಾಗದ ಅದು. ಅದನ್ನು ಕಳೆದುಕೊಂಡವರು ಈಜಿಪ್ಟ್ ಗಡಿಯವರೆಗೆ ನಡೆದರೂ ದಾಟುವುದು ಹೇಗೆ? ರಾಯಭಾರಿಗಳು ಜೀವ ಉಳಿಸಿಕೊಂಡದ್ದನ್ನು ನಾನು ತಪ್ಪು ಎನ್ನುವುದಿಲ್ಲ. ಹೊರಡುವ ಹಿಂದಿನ ದಿನ ಆ ಪಾಸ್‌ಪೋರ್ಟ್‌ಗಳನ್ನು ಹಿಂತಿರುಗಿಸುವ ಒಂದು ಏರ್ಪಾಡು ಇಲ್ಲದಿದ್ದದ್ದನ್ನು ತಪ್ಪು ಎನ್ನುತ್ತೇನೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಗರದಲ್ಲಿ ವಿದೇಶಿ ರಾಯಭಾರಿಗಳು ಇರುವಷ್ಟು ದಿನ ಮುತ್ತಿಗೆ ಹಾಕಿದವರ ಮೇಲೆ ಒತ್ತಡ ಇರುತ್ತದೆ. ಅವರ ಫೋನಿಗೆ ವಾಷಿಂಗ್ಟನ್, ರಿಯಾದ್, ದೆಹಲಿ ಉತ್ತರ ಕೊಡುತ್ತವೆ. ಕದನ ವಿರಾಮಕ್ಕೆ ಗಡಿಬಿಡಿ ಆಗುತ್ತದೆ. ಅವರು ಹೋದ ಮೇಲೆ? 1939ರಲ್ಲಿ ಜರ್ಮನ್ ಸೈನ್ಯ ಮುತ್ತಿಗೆ ಹಾಕಿದ್ದ ಪೋಲೆಂಡ್ ರಾಜಧಾನಿ ವಾರ್ಸಾ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 21ರಂದು ಕೆಲವು ಗಂಟೆ ಗುಂಡು ನಿಲ್ಲಿಸಿ ರಾಜತಾಂತ್ರಿಕರನ್ನೂ ಬೇರೆ ವಿದೇಶಿಯರನ್ನೂ ಹೊರಗೆ ಬಿಟ್ಟರು. ಸೆಪ್ಟೆಂಬರ್ 25ರಂದು ಆ ನಗರದ ಮೇಲೆ ಅಲ್ಲಿಯವರೆಗೆ ಕಾಣದಷ್ಟು ಬಾಂಬ್ ಸುರಿಯಿತು. ಮೊದಲನೆಯದರಿಂದಲೇ ಎರಡನೆಯದು ಆಯಿತು ಎನ್ನಲಾಗದು, ಜರ್ಮನ್ನರು ಹೇಗೂ ನುಗ್ಗುವವರೇ ಇದ್ದರು. ಆದರೆ ಅಷ್ಟರಲ್ಲಿ ನೋಡಿ ಹೇಳುವವರು ಕಡಿಮೆಯಾಗಿದ್ದರು ಎಂಬುದು ನಿಜ.

ಖಾರ್ಟೂಮ್‌ನಲ್ಲೂ ವಿದೇಶಿಯರು ಹೋದ ಮೇಲೆ ಜಗತ್ತಿನ ಟಿವಿಗಳು ಬೇರೆ ಕಡೆ ತಿರುಗಿದವು. ಯುದ್ಧ ಮುಂದುವರಿಯಿತು. ನಮ್ಮ ಹಕ್ಕಿಪಿಕ್ಕಿ ಜನ ಸಿಕ್ಕಿಕೊಂಡಿದ್ದ ಎಲ್ ಫಾಶರ್ ಗತಿ ಇನ್ನೂ ಘೋರ. ಅಲ್ಲಿ ರಾಯಭಾರ ಕಚೇರಿಗಳೇ ಇರಲಿಲ್ಲ. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಆ ನಗರಕ್ಕೆ ಮುತ್ತಿಗೆ ಹಾಕಿತು. ಮುತ್ತಿಗೆ ನಿಲ್ಲಿಸಿ ಎಂದು ಜೂನ್ 13ರಂದು ಭದ್ರತಾ ಮಂಡಳಿ 2736ನೇ ನಿರ್ಣಯ ಮಾಡಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿನ ಸುತ್ತ ಮಣ್ಣಿನ ದಿಬ್ಬ ಎತ್ತಿ ದಾರಿಗಳನ್ನೇ ಮುಚ್ಚಿದರು. ವಿಶ್ವಸಂಸ್ಥೆಯ ಅಂದಾಜಿನಂತೆ ಸುಮಾರು 2.6 ಲಕ್ಷ ಜನ ಒಳಗೆ ಉಳಿದಿದ್ದರು, ಅವರಲ್ಲಿ ಅರ್ಧದಷ್ಟು ಮಕ್ಕಳು. 2011ರ ಜನಗಣತಿಯಲ್ಲಿ ಮಂಡ್ಯ ನಗರದ ಜನಸಂಖ್ಯೆ ಸುಮಾರು 1.37 ಲಕ್ಷ. ಅದರ ಹೆಚ್ಚುಕಡಿಮೆ ಎರಡರಷ್ಟು ಜನ ದನಕ್ಕೆ ಹಾಕುವ ಹಿಂಡಿ ತಿಂದು ದಿನ ದೂಡುವ ಸ್ಥಿತಿ. 2025ರ ಅಕ್ಟೋಬರ್ 26ರಂದು ನಗರ ಆರ್‌ಎಸ್‌ಎಫ್ ವಶವಾಯಿತು. ಆಮೇಲೆ ನಡೆದ ಹತ್ಯೆಗಳ ಸುದ್ದಿ ಹೊರಬಂದದ್ದು ಬಹುಪಾಲು ಉಪಗ್ರಹ ಚಿತ್ರಗಳಿಂದ, ಕೊಂದವರೇ ತೆಗೆದ ವಿಡಿಯೊಗಳಿಂದ, ಓಡಿಬಂದವರ ಮಾತಿನಿಂದ.

ಮುತ್ತಿಗೆಯಲ್ಲಿರುವ ಸಾಮಾನ್ಯ ಜನರಿಗೆ ಕಾಯ್ದೆ ಏನೂ ಕೊಟ್ಟಿಲ್ಲವೇ? ಕೊಟ್ಟಿದೆ, ಆದರೆ ಸಡಿಲವಾಗಿ. 1949ರ ನಾಲ್ಕನೇ ಜಿನೀವಾ ಒಪ್ಪಂದದ 17ನೇ ವಿಧಿ ಗಾಯಾಳುಗಳು, ರೋಗಿಗಳು, ಮುದುಕರು, ಮಕ್ಕಳು, ಹೆರಿಗೆಯ ಹೆಂಗಸರನ್ನು ಮುತ್ತಿಗೆಯ ಊರಿನಿಂದ ಹೊರತರಲು ಎರಡೂ ಕಡೆಯವರು ಒಪ್ಪಂದಕ್ಕೆ ಪ್ರಯತ್ನಿಸಬೇಕು ಎನ್ನುತ್ತದೆ. ಪ್ರಯತ್ನಿಸಬೇಕು, ಅಷ್ಟೇ. ರಾಜತಾಂತ್ರಿಕರ ವಿಷಯದಲ್ಲಿ ಇರುವ ಕಡ್ಡಾಯ ಇಲ್ಲಿಲ್ಲ. ಅದೂ ದೇಶ ದೇಶಗಳ ನಡುವಿನ ಯುದ್ಧಕ್ಕೆ ಬರೆದದ್ದು. ಸುಡಾನಿನಂಥ ಒಳಜಗಳಕ್ಕೆ ಇನ್ನೂ ಕಡಿಮೆ ನಿಯಮ. ಈ ಅಂತರ ತುಂಬಬೇಕು ಎಂಬುದು ನನ್ನ ಅಭಿಪ್ರಾಯ. ರಾಯಭಾರಿಗಳ ಗಾಡಿಗಳಿಗೆ ದಾರಿ ಬಿಡಿಸುವ ಮಾತುಕತೆಯಲ್ಲೇ ಊರಿನ ರೋಗಿಗಳು, ಮಕ್ಕಳಿಗೂ ದಾರಿ ಕೇಳಬೇಕು. ದೊಡ್ಡ ದೇಶಗಳ ಮಾತಿಗೆ ಬೆಲೆ ಇರುವುದು ಅವರ ಜನ ಇನ್ನೂ ಒಳಗಿರುವಾಗ. ಹೊರಗೆ ಬಂದ ಮೇಲೆ ಕೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಎಲ್ಲರೂ ಹೋಗಲೇಬೇಕೆಂದೂ ಇಲ್ಲ. 1870ರಲ್ಲಿ ಪ್ರಷ್ಯಾ ಸೈನ್ಯ ಪ್ಯಾರಿಸ್‌ಗೆ ಮುತ್ತಿಗೆ ಹಾಕಿದಾಗ ಅಮೆರಿಕದ ರಾಯಭಾರಿ ಎಲಿಹು ವಾಶ್‌ಬರ್ನ್ ಊರು ಬಿಡಲಿಲ್ಲ. ತನ್ನ ದೇಶದವರನ್ನು ಹೊರಗೆ ಕಳಿಸಿದರು. ನಗರದೊಳಗೆ ಸಿಕ್ಕಿಬಿದ್ದಿದ್ದ ಜರ್ಮನ್ ಬಡವರನ್ನೂ ಸಾಕಿದರು. ಈಗ ಹಾಗೆ ಇರಿ ಎಂದು ಯಾರಿಗೂ ಹೇಳಲಾಗದು, ಬಾಂಬು ಬದಲಾಗಿದೆ. ಭಾರತ ಮಾಡುವ ಹಾಗೆ ಕಚೇರಿಯನ್ನು ಪಕ್ಕದ ಊರಿಗೋ ನೆರೆದೇಶಕ್ಕೋ ಸಾಗಿಸಿ ಬಾಗಿಲು ತೆರೆದಿಡುವುದು ನಡುವಿನ ದಾರಿ. 2022ರ ಮಾರ್ಚ್‌ನಲ್ಲಿ ಕೀವ್ ಕಚೇರಿ ಪೋಲೆಂಡ್‌ಗೆ ಹೋಯಿತು, ಮೇ ತಿಂಗಳಲ್ಲಿ ವಾಪಸಾಯಿತು. 2023ರ ಮೇನಲ್ಲಿ ಖಾರ್ಟೂಮ್ ಕಚೇರಿ ಪೋರ್ಟ್ ಸುಡಾನ್‌ಗೆ ಹೋಯಿತು. ಕೀವ್ ಕಚೇರಿ ಊರು ಬಿಡುವ ಐದು ದಿನ ಮೊದಲು ಯುಕ್ರೇನಿನ ಸುಮಿಯಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 700 ವಿದ್ಯಾರ್ಥಿಗಳು ಮಾರ್ಚ್ 8ರಂದು ಬಸ್ಸು ಹತ್ತಿದರು. ಹಿಂದಿನ ದಿನ ಹೊರಟು ನಿಂತು ವಾಪಸು ಹೋಗಿದ್ದರು. ಸುಮಿಯಲ್ಲಿ ರಾಯಭಾರಿ ಇರಲಿಲ್ಲ. ಆದರೆ ಯಾವ ಹಾಸ್ಟೆಲಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಇತ್ತು.

ಹಕ್ಕಿಪಿಕ್ಕಿ ವ್ಯಾಪಾರಿಗಳ ಕಷ್ಟ ಇರುವುದು ಇಲ್ಲಿಯೇ. ಸುಡಾನ್ ನಮ್ಮ ಸರ್ಕಾರದ 18 ದೇಶಗಳ ಪಟ್ಟಿಯಲ್ಲಿದೆ. ಕಡಿಮೆ ಓದಿದವರು ಅಲ್ಲಿಗೆ ಕೂಲಿಗೆ ಹೋಗಬೇಕಾದರೆ ವಲಸೆ ಅನುಮತಿ ಪಡೆಯಬೇಕು. ಹಾಗೆ ಪಡೆದವರ ಹೆಸರು, ಕೆಲಸದ ಜಾಗ ದಾಖಲಾಗುತ್ತದೆ. ಆದರೆ ಇವರು ಯಾರ ಕೈಕೆಳಗೂ ದುಡಿಯುವವರಲ್ಲ. ಸ್ವಂತ ವ್ಯಾಪಾರ. ಬಿಸಿನೆಸ್ ವೀಸಾ, ವಿಸಿಟ್ ವೀಸಾದಲ್ಲಿ ಹೋದರೆ ಆ ಅನುಮತಿ ಬೇಕಿಲ್ಲ. ಹಾಗಾಗಿ ಆ ದಾಖಲೆಯಲ್ಲಿ ಅವರ ಹೆಸರು ಇರುವುದಿಲ್ಲ. ರಾಯಭಾರ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಲು ಆನ್‌ಲೈನ್ ವ್ಯವಸ್ಥೆ ಇದೆ, ಆದರೆ ಅದು ಅವರವರ ಇಷ್ಟಕ್ಕೆ ಬಿಟ್ಟದ್ದು.

ಆದ್ದರಿಂದ ಕೆಲಸ ದೆಹಲಿಯಲ್ಲಿ ಎಷ್ಟು ಆಗಬೇಕೋ ಹುಣಸೂರಿನಲ್ಲೂ ಅಷ್ಟೇ ಆಗಬೇಕು. ಜಿಲ್ಲಾಡಳಿತ, ಬುಡಕಟ್ಟು ಕಲ್ಯಾಣ ಇಲಾಖೆ ಸೇರಿ ಪ್ರತಿ ಹಕ್ಕಿಪಿಕ್ಕಿ ಕಾಲೊನಿಯಲ್ಲಿ ಒಂದು ನೋಂದಣಿ ಪುಸ್ತಕ ಇಡಲಿ. ಯಾರು ಯಾವ ದೇಶಕ್ಕೆ ಹೋದರು, ಪಾಸ್‌ಪೋರ್ಟ್ ನಂಬರ್ ಏನು, ಅಲ್ಲಿಯ ಫೋನ್ ಯಾವುದು, ಜೊತೆಗೆ ಎಷ್ಟು ಮಕ್ಕಳಿದ್ದಾರೆ ಎಂದು ಬರೆದುಕೊಳ್ಳಲಿ. ಪಾಸ್‌ಪೋರ್ಟಿನ ಫೋಟೊ ಮನೆಯವರ ಮೊಬೈಲಿನಲ್ಲಿ ಇರಲಿ. ಟಿಕೆಟ್ ತೆಗೆಯುವ ಮೊದಲೇ ರಾಯಭಾರ ಕಚೇರಿಯ ಆನ್‌ಲೈನ್ ಫಾರಂ ತುಂಬಿಸಿಕೊಡಲು ಗ್ರಾಮ ಪಂಚಾಯಿತಿಯಲ್ಲಿ ಒಬ್ಬರು ಕೂರಲಿ. ಇದಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಹಣವೂ ಬೇಡ. ಮುಂದೆ ಎಲ್ಲೋ ಒಂದು ಊರು ಮುತ್ತಿಗೆಗೆ ಸಿಕ್ಕಿ, ಬಸ್ಸಿನ ಹತ್ತಿರ ನಿಂತ ಅಧಿಕಾರಿ ಹೆಸರು ಕೂಗುವಾಗ ಪಕ್ಷಿರಾಜಪುರದವರ ಹೆಸರೂ ಆ ಪಟ್ಟಿಯಲ್ಲಿ ಇರಬೇಕು.